ಯಾವ ಕೆಂಪು?

ಮೊದಲ ಪ್ರಿಂಟಿನಲ್ಲಿ ಮಗಳು ಹಸಿರಾಗಿ ಬಂದಳು. ಹಸಿರು ಅಂದರೆ ಎಲೆಯ ಹಸಿರಲ್ಲ, ಆಸ್ಪತ್ರೆಯ ಪರದೆಯ ಹಸಿರು. ಹಲ್ಲಕ್ಕ ಆ ಹಾಳೆಯನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದಳು, ತಿರುಗಿಸಿ ಬೆನ್ನು ನೋಡಿದಳು, ಆಮೇಲೆ ಗಂಡನ ಮುಖ ನೋಡಿದಳು.

"ಇವಳು ಕೊಲ್ಲಿ ಈಜಿ ದಾಟಿದವಳಾ, ಕೊಲ್ಲಿಲಿ ಮುಳುಗಿ ಸಿಕ್ಕಿದವಳಾ?"

ಹಲ್ಲಕ್ಕ ಎಂಬುದು ತಾಯಿತಂದೆ ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟದ್ದು. ದಂತವೈದ್ಯರಿಗೆ ಕಟ್ಟುಹಲ್ಲು ತಯಾರಿಸಿಕೊಡುವ ಕಾರ್ಯಾಗಾರದಲ್ಲಿ ಅವಳ ಕೆಲಸ. ಬಿಳಿ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಬಣ್ಣದಲ್ಲಿ ಅವಳಿಗೆ ಒಂದು ಪೆಟ್ಟಿಗೆ ತುಂಬ ಬಿಳಿಗಳು ಕಾಣುತ್ತವೆ. ಪಕ್ಕದ ಹಲ್ಲಿಗೆ ಹೊಂದದ ಹಲ್ಲನ್ನು ಅವಳು ಕಸದ ಬುಟ್ಟಿಗೆ ಎಸೆಯುವ ಸದ್ದು ಕೇಳಿಯೇ ಜೊತೆಗಾರರು ದೂರ ಸರಿಯುತ್ತಾರೆ. ಊರಿಗೆಲ್ಲ ಹಲ್ಲು ಹಂಚಿ ತಾನು ಮಾತ್ರ ಹಲ್ಲು ಕಡಿಯುತ್ತಾಳೆ ಎಂದು ಗಂಡನ ತಮಾಷೆ. ಸುಳ್ಳೇನಲ್ಲ. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆದರೆ ಅವತ್ತಿನ ಸಿಟ್ಟಿಗೆ ಕಾರಣವಿತ್ತು. ಮಗಳು ಕೊಲ್ಲಿಯನ್ನು ಈ ದಡದಿಂದ ಆ ದಡಕ್ಕೆ ಈಜಿ ದಾಟಿದ್ದಳು. ಅವಳ ಈಜು ಕ್ಲಬ್ಬಿನಿಂದ ಗಂಡಸರು ದಾಟಿದ್ದುಂಟು, ಹೆಣ್ಣುಮಕ್ಕಳಲ್ಲಿ ಇವಳೇ ಮೊದಲು. ಕ್ಲಬ್ಬಿನ ಒಳಬಾಗಿಲ ಪಕ್ಕದ ಗೋಡೆಯಲ್ಲಿ ದಾಟಿದವರ ಫೋಟೋಗಳ ಸಾಲೊಂದಿದೆ, ಎಲ್ಲವೂ ಒಂದೇ ಅಳತೆ. ಆ ಸಾಲಿನ ಕೊನೆಯಲ್ಲಿ ಮೊಳೆ ಹೊಡೆದು ಖಾಲಿ ಚೌಕಟ್ಟು ತೂಗುಹಾಕಿ ಆಗಿತ್ತು. ಸಂಜೆ ಎಲ್ಲರೂ ಸೇರುವುದರೊಳಗೆ ಫೋಟೋ ಅಲ್ಲಿರಬೇಕು. ಒಮ್ಮೆ ಗೋಡೆಗೇರಿದ ಮುಖ ಇಳಿಯುವ ರೂಢಿ ಅಲ್ಲಿಲ್ಲ. ಆದ್ದರಿಂದ ಏರುವ ಮುಖ ಮಗಳದ್ದೇ ಆಗಿರಬೇಕು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗಕೂಡದು ಎಂಬುದು ಹಲ್ಲಕ್ಕನ ಹಟ.

ಹಾಗಾದರೆ ಸ್ಟುಡಿಯೋಗೆ ಹೋಗಬಹುದಿತ್ತಲ್ಲ? ಬೀದಿಯ ಕೊನೆಯಲ್ಲೇ ಇದೆ. ಆದರೆ ಆ ಸ್ಟುಡಿಯೋದವನ ನೆರಳೂ ಹಲ್ಲಕ್ಕನಿಗೆ ಆಗದು. ಮಗಳು ಎಣ್ಣೆಗಪ್ಪು ಹುಡುಗಿ, ಬಿಸಿಲು ನೀರುಗಳಲ್ಲಿ ಬೆಳೆದು ಇನ್ನಷ್ಟು ಮಿರುಗಿದವಳು. ಕಾಲೇಜಿನ ಗುರುತಿನ ಚೀಟಿಗೆಂದು ತೆಗೆಸಿದ ಫೋಟೋದಲ್ಲಿ ಆ ಮಹಾರಾಯ ಅವಳಿಗೆ ಸುಣ್ಣ ಬಳಿದು ಕೊಟ್ಟಿದ್ದ. "ಸ್ವಲ್ಪ ತಿದ್ದಿದೀನಿ ಅಕ್ಕಾ, ಅದಕ್ಕೇನೂ ತಗೊಳ್ಳಲ್ಲ" ಎಂದು ಮೇಲೆ ಉಪಕಾರದ ಮಾತು ಬೇರೆ. ಹಲ್ಲಕ್ಕ ಅವತ್ತು ಎತ್ತಿದ ದನಿಗೆ ಅಂಗಡಿಯಲ್ಲಿದ್ದ ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು. ಮಗಳು ಬಾಗಿಲ ಬಳಿ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದಳು. ಇನ್ನು ಅವನ ಕೈಗೆ ಮಗಳ ಮುಖ ಕೊಡುವುದುಂಟೇ? ಮನೆಯಲ್ಲೇ ಪ್ರಿಂಟರ್ ಇದೆ, ಇದ್ದದ್ದು ಇದ್ದ ಹಾಗೆ ಬರಲಿ ಎಂದು ಅವಳು ತೀರ್ಮಾನಿಸಿದ್ದಳು. ಮಗಳೂ ಹಿಂದಿನ ದಿನವೇ ಫೋಟೋ ಕಳಿಸಿ, "ಅಮ್ಮಾ, ಇದೇ ಇರ್ಲಿ, ಬೇರೆ ಬೇಡ" ಎಂದು ಬರೆದಿದ್ದಳು.

ಇದ್ದದ್ದು ಇದ್ದ ಹಾಗೆ ಬರಲು ಪ್ರಿಂಟರಿನಲ್ಲಿ ಇರಬೇಕಾದ್ದು ಇರಬೇಕಲ್ಲ. ಗಂಡ ಲಿಫ್ಟ್ ರಿಪೇರಿಯವನು. ಕೆಟ್ಟದ್ದನ್ನು ಹೊಸದು ತಂದು ಸರಿಮಾಡುವುದು ಅವನ ಪ್ರಕಾರ ಸೋಲು. ಕಾರ್ಟ್ರಿಜ್ ಖಾಲಿಯಾದಾಗಲೆಲ್ಲ ಊಟದ ಮೇಜಿಗೆ ಹಳೆ ಪೇಪರ್ ಹಾಸಿ, ಸಿರಿಂಜಿನಲ್ಲಿ ಇಂಕು ಎಳೆದು, ಕಾರ್ಟ್ರಿಜ್ಜಿನ ನೆತ್ತಿಯ ತೂತುಗಳಿಗೆ ಸೂಜಿ ಚುಚ್ಚುತ್ತಾನೆ. ನಾಲಿಗೆಯ ತುದಿ ಹೊರಗೆ ಚಾಚಿರುತ್ತದೆ. ಒಂದು ತೂತಿಗೆ ಹಳದಿ, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ಪ್ರತಿ ಸಲ ತುಂಬಿಸಿ ಹಾಕಿದಾಗಲೂ ಪರದೆಯ ಮೇಲೆ 'ಇದು ಅಸಲಿ ಕಾರ್ಟ್ರಿಜ್ ಅಲ್ಲ' ಎಂದು ಪ್ರಿಂಟರು ಮೂತಿ ತಿರುವುತ್ತದೆ. "ನೀನೇನು ದೊಡ್ಡ ಅಸಲಿ" ಎಂದು ಗಂಡ ಅದರ ಬಾಯಿ ಮುಚ್ಚಿಸುತ್ತಾನೆ.

ಹಸಿರು ಮಗಳನ್ನು ನೋಡಿದ ಮೇಲೆ ಅವನು ಪರೀಕ್ಷೆಯ ಹಾಳೆ ತೆಗೆದ. ಬಣ್ಣ ಬಣ್ಣದ ಸಣ್ಣ ಗೆರೆಗಳು ಸಾಲಾಗಿ ಬರಬೇಕಾದ ಹಾಳೆ ಅದು. ಹಳದಿ ಬಂತು, ನೀಲಿ ಬಂತು, ಕೆಂಪಿನ ಜಾಗದಲ್ಲಿ ಮುರಿದ ಬಾಚಣಿಗೆಯ ಹಾಗೆ ಅಲ್ಲೊಂದು ಇಲ್ಲೊಂದು ಗೆರೆ.

"ಕೆಂಪು ಕಟ್ಟಿಕೊಂಡಿದೆ," ಅಂದ.

"ಎಲ್ಲಾ ಬಿಟ್ಟು ಇವತ್ತೇ ಕಟ್ಟಿಕೊಳ್ಬೇಕಿತ್ತಾ ಅದಕ್ಕೆ?"

"ನನ್ನ ಮೇಲೆ ಯಾಕೆ ರೇಗ್ತೀಯ? ನಾನು ಕಟ್ಟಿಕೊಂಡಿದ್ದು ನಿನ್ನನ್ನ ಮಾತ್ರ."

ಈ ಮಾತಿಗೆ ಬೇರೆ ದಿನವಾದರೆ ಅವಳು ನಗುತ್ತಿದ್ದಳು. ಗಂಡ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕಾರ್ಟ್ರಿಜ್ಜಿನ ಬಾಯಿ ಒತ್ತಿದ, ಪ್ರಿಂಟರಿನ ಸ್ವಚ್ಛತೆಯ ಗುಂಡಿ ಒತ್ತಿದ, ಅದು ಗಂಟಲು ಕೆರೆದುಕೊಳ್ಳುವುದನ್ನು ಇಬ್ಬರೂ ನಿಂತು ಕೇಳಿದರು. ಕೆಂಪು ಮರಳಿತು. ಎರಡನೆಯ ಪ್ರಿಂಟು ಪರವಾಗಿಲ್ಲ ಎನ್ನುವಂತಿತ್ತು. ಪರವಾಗಿಲ್ಲ ಎನ್ನುವುದು ಹಲ್ಲಕ್ಕನ ಭಾಷೆಯಲ್ಲಿ ಬೈಗುಳ. ಮುಖ ಸಪ್ಪಗಿದೆ, ಏನೋ ಸರಿಯಿಲ್ಲ ಎಂದು ಅವಳು ಹುಬ್ಬು ಗಂಟಿಕ್ಕಿದಳು.

ಅಷ್ಟರಲ್ಲಿ ನಾದಿನಿ ಬಂದಳು. ಗಂಡನ ತಂಗಿ, ಎರಡು ಬೀದಿ ಆಚೆ ಮನೆ. ಕೆಟ್ಟವಳಲ್ಲ, ಸಂಜೆ ಕ್ಲಬ್ಬಿಗೆ ಹೋಗಲೆಂದು ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬೇಗನೆ ತಯಾರಾಗಿ ಬಂದಿದ್ದಳು. ಆದರೆ ಅವಳ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲೇ ಇಲ್ಲ. ಪ್ರಿಂಟು ನೋಡಿ ತಲೆ ಓರೆ ಮಾಡಿ, "ಚೆನ್ನಾಗಿದೆ ಅಣ್ಣಾ, ಆದ್ರೆ ಇನ್ನೂ ಸ್ವಲ್ಪ ಕೆಂಪಗೆ ಬಂದಿದ್ರೆ ಲಕ್ಷಣವಾಗಿರ್ತಿತ್ತು" ಅಂದಳು.

ಹಲ್ಲಕ್ಕ ಅಡುಗೆಮನೆಯಲ್ಲಿದ್ದಳು, ಕೇಳಿಸಲಿಲ್ಲ. ಗಂಡನಿಗೆ ಕೇಳಿಸಿತು. ಕೇಳಿಸಿದ್ದನ್ನು ಆ ಪುಣ್ಯಾತ್ಮ ಕೇಳಿಸಿದ ಹಾಗೆಯೇ ತೆಗೆದುಕೊಂಡ. ಬೆಳಗಿನಿಂದ ಅವನ ತಲೆಯಲ್ಲಿ ಇದ್ದದ್ದೇ ಕೆಂಪು. ಕೆಂಪು ಕಮ್ಮಿ ಎಂದ ಮೇಲೆ ತುಂಬಿಸಿದರಾಯಿತು ಎಂದು ಸಿರಿಂಜು ತೆಗೆದುಕೊಂಡು ಕೆಂಪಿನ ತೂತಿಗೆ ಒತ್ತಿದ. ಸಾಲದೇನೋ ಎಂದು ಮತ್ತೆ ಒತ್ತಿದ. ತುಂಬಿದ ಹೊಟ್ಟೆಗೆ ಇನ್ನೆಷ್ಟು ಹಿಡಿಯುತ್ತದೆ? ಉಕ್ಕಿ ಪಕ್ಕದ ಹಳದಿಗೆ ಇಳಿಯಿತು. ಹಳದಿಯೂ ಕೆಂಪಾಯಿತು, ಮೇಜೂ ಕೆಂಪಾಯಿತು, ಅವನ ಎರಡು ಕೈಯೂ ಕೊಲೆ ಮಾಡಿ ಬಂದವನ ಹಾಗೆ ಕೆಂಪಾದವು.

ಆಮೇಲಿನ ಪ್ರಿಂಟಿನಲ್ಲಿ ಮಗಳು ಟೊಮೆಟೊ ಆಗಿದ್ದಳು.

"ಏನ್ರೀ ಇದು?" ಹಲ್ಲಕ್ಕ ಬಂದವಳೇ ಕಿರುಚಿದಳು.

"ಕೆಂಪಗೆ ಬರ್ಲಿ ಅಂತ ಇವಳೇ ಅಂದಿದ್ದು."

"ಅಯ್ಯೋ, ನಾನಂದಿದ್ದು ಈ ಕೆಂಪಲ್ಲ!" ನಾದಿನಿ ಬಾಯಿಗೆ ಕೈ ಇಟ್ಟುಕೊಂಡಳು. "ಹುಡುಗಿ ಕೆಂಪಗೆ ಕಾಣ್ಲಿ ಅಂದೆ ಅಣ್ಣಾ. ಕೆಂಪಗೆ ಅಂದ್ರೆ... ಕೆಂಪಗೆ. ಬೆಳ್ಳಗೆ."

"ಕೆಂಪಗೆ ಅಂದ್ರೆ ಬೆಳ್ಳಗೆ ಹೇಗಾಗುತ್ತೆ? ಕೆಂಪು ಇಂಕು ಬೇರೆ, ಬಿಳಿಗೆ ಇಂಕೇ ಇಲ್ಲ. ಬಿಳಿ ಅಂದ್ರೆ ಖಾಲಿ ಕಾಗದ."

"ಸರಿಯಾಗಿ ಹೇಳಿದ್ರಿ," ಎಂದು ಹಲ್ಲಕ್ಕ ನಾದಿನಿಯ ಕಡೆ ತಿರುಗಿದಳು. ಸಿಟ್ಟು ನೆತ್ತಿಗೇರಿತ್ತು. "ಕೇಳಿಸ್ತಾ? ಬಿಳಿ ಅಂದ್ರೆ ಖಾಲಿ ಕಾಗದ. ನನ್ನ ಮಗಳು ಖಾಲಿ ಕಾಗದ ಅಲ್ಲ. ಕೊಲ್ಲಿ ದಾಟಿದ್ದು ಅವಳ ಕೈಕಾಲು. ಆ ನೀರು ಕೇಳ್ತಾ, ಏನಮ್ಮಾ ನೀನು ಕೆಂಪಗಿದೀಯಾ ಕಪ್ಪಗಿದೀಯಾ ಅಂತ? ಮೀನು ಕೇಳ್ತಾ? ನಿಮಗ್ಯಾಕೆ ಬೇಕು ಅದೆಲ್ಲ?"

"ಅತ್ತಿಗೇ, ನಾನು ಒಳ್ಳೇದಕ್ಕೇ ಅಂದೆ."

"ಎಲ್ಲರೂ ಒಳ್ಳೇದಕ್ಕೇ ಅಂತಾರೆ. ಸ್ಟುಡಿಯೋದವನೂ ಒಳ್ಳೇದಕ್ಕೇ ಅಂದ. ಸ್ಕೂಲಲ್ಲಿ ನಾಟಕದಲ್ಲಿ ಹಿಂದಿನ ಸಾಲಲ್ಲಿ ನಿಲ್ಲಿಸಿದ ಟೀಚರೂ ಒಳ್ಳೇದಕ್ಕೇ ಅಂದ್ರು. ಅವರನ್ನೂ ಬಿಟ್ಟಿಲ್ಲ ನಾನು, ನಿಮ್ಮನ್ನೂ ಬಿಡಲ್ಲ."

ನಾದಿನಿ ಕುರ್ಚಿಯ ತುದಿಯಲ್ಲಿ ಮುದುಡಿ ಕುಳಿತಳು. ಎದ್ದು ಹೋಗಲಿಲ್ಲ. ಅದೂ ಅವಳ ಗುಣವೇ. ಬೈಸಿಕೊಂಡರೂ ಸಂಜೆ ಚಪ್ಪಾಳೆ ತಟ್ಟಲು ಅವಳಿರಬೇಕು.

ಹಲ್ಲಕ್ಕ ತೋಳು ಮಡಚಿ ತಾನೇ ಇಳಿದಳು. ಕೆಟ್ಟ ಹಳದಿಯನ್ನು ಸಿರಿಂಜಿನಲ್ಲಿ ಎಳೆದು ತೆಗೆಸಿದಳು, ಹೊಸದು ತುಂಬಿಸಿದಳು, ಒದ್ದೆ ಕಾಗದದ ಕರವಸ್ತ್ರದ ಮೇಲೆ ಕಾರ್ಟ್ರಿಜ್ಜಿನ ಬಾಯಿ ಒತ್ತಿ ಒತ್ತಿ, ಮೂರು ಪಟ್ಟೆ ಒಂದಕ್ಕೊಂದು ಬೆರೆಯದೆ ಬೇರೆಬೇರೆಯಾಗಿ ಬೀಳುವ ತನಕ ಗಂಡನನ್ನು ಏಳಗೊಡಲಿಲ್ಲ. ಮುಂದಿನ ಪ್ರಿಂಟು ಹಣೆಯಿಂದ ಮೂಗಿನವರೆಗೆ ಗಟ್ಟಿಯಾಗಿ ಬಂದು ಗಲ್ಲದ ಹೊತ್ತಿಗೆ ಮಸುಕಾಯಿತು. ನೋಡಿದರೆ, ಇಂಕು ಸೋರದಿರಲೆಂದು ಗಂಡ ನೆತ್ತಿಯ ತೂತುಗಳ ಮೇಲೆ ಅಂಟುಪಟ್ಟಿ ಬಿಗಿಯಾಗಿ ಹಚ್ಚಿದ್ದ. ಗಾಳಿ ಒಳಗೆ ಹೋಗದೆ ಇಂಕು ಕೆಳಗಿಳಿಯುವುದು ಹೇಗೆ?

"ನಿಮ್ಮ ಮೂಗು ಬಾಯಿ ಮುಚ್ಚಿ ಮಾತಾಡಿ ಅಂದ್ರೆ ಮಾತಾಡ್ತೀರಾ?" ಎಂದು ಅವಳು ಪಟ್ಟಿಗೆ ಸೂಜಿಯಲ್ಲಿ ಚುಚ್ಚಿದಳು. ಪ್ರಿಂಟರಿಗೆ ಉಸಿರು ಬಂತು.

ಆಮೇಲೆ ಕಾಗದದ ಸರದಿ. ಫೋಟೋ ಕಾಗದ ಹಾಕಿ, ಕಂಪ್ಯೂಟರಿಗೆ ಮಾತ್ರ ಸಾದಾ ಕಾಗದ ಎಂದೇ ಹೇಳಿ ಕೂತಿದ್ದ ಗಂಡ. ಸಾದಾ ಕಾಗದಕ್ಕೆಂದು ಪ್ರಿಂಟರು ಇಂಕು ಹೆಚ್ಚು ಸುರಿದು ಮುಖವನ್ನು ಮಂಕು ಮಾಡುತ್ತಿತ್ತು. ಅದನ್ನೂ ತಿದ್ದಿದರು. ಪರೀಕ್ಷೆಯ ಹಾಳೆ ಮತ್ತೆ ತೆಗೆದಾಗ ಒಂದು ಗೆರೆಯೂ ಮುರಿದಿರಲಿಲ್ಲ. ಹಲ್ಲಕ್ಕನಿಗೆ ಜೀವ ತಣ್ಣಗಾಯಿತು. ಪ್ರಿಂಟರಿನ ಬಾಯಿಯ ಬಳಿ ಬಗ್ಗಿ ನಿಂತು ಮಗಳು ಹೊರಬರುವುದನ್ನೇ ಕಾದಳು.

ಬಂದವಳು ಮಗಳಲ್ಲ. ಮೂಗು ಅವಳದೇ, ಬಾಯಿ ಅವಳದೇ. ಆದರೆ ಹಾಲಿಗೆ ಎರಡು ಹನಿ ಚಹ ಬಿದ್ದ ಹಾಗಿನ ಬಣ್ಣ.

"ಈ ದರಿದ್ರ ಇಂಕನ್ನ ಎಲ್ಲಿಂದ ತಂದ್ರಿ? ಯಾವ ಕಳ್ಳ ಕೊಟ್ಟ ನಿಮಗೆ ಇದನ್ನ?" ಎಂದು ಅವಳು ಅಂಗಡಿಯವನಿಂದ ಹಿಡಿದು ಇಂಕು ಕಂಡುಹಿಡಿದವನ ಅಜ್ಜನವರೆಗೂ ಬೈದಳು. ಗಂಡ ಸಿರಿಂಜಿನ ಸೂಜಿ ಒರೆಸುತ್ತ ಕೇಳಿದ. ಬೈಗುಳ ತೀರಿದ ಮೇಲೆ ಮೆಲ್ಲಗೆ, "ಬೇರೆ ಒಂದು ಫೋಟೋ ಹಾಕಿ ನೋಡೋಣ. ಲಿಫ್ಟು ಒಂದು ಮಹಡಿಲಿ ನಿಲ್ಲದಿದ್ರೆ ಇನ್ನೊಂದು ಮಹಡಿಲಿ ನಿಲ್ಲುತ್ತಾ ಅಂತ ಮೊದಲು ನೋಡ್ತೀವಿ" ಅಂದ.

ಹಲ್ಲಕ್ಕ ತನ್ನ ಫೋನಿನಲ್ಲಿದ್ದ ಒಂದು ಫೋಟೋ ಕೊಟ್ಟಳು. ಕೊಳದ ಕಟ್ಟೆಯ ಮೇಲೆ ಕೂತು ಕಿತ್ತಳೆ ಸುಲಿದು ತಿನ್ನುತ್ತಿದ್ದ ಮಗಳನ್ನು ಕಳೆದ ವಾರ ಅವಳೇ ಹಿಡಿದದ್ದು. ಅದು ಬಂತು. ಎಂಥಾ ಚಂದ ಬಂತೆಂದರೆ, ಗಂಡ ಹೆಂಡತಿ ಇಬ್ಬರೂ ಹಾಳೆಯ ಮೇಲೆ ಒಟ್ಟಿಗೆ ಬಗ್ಗಿದರು. ಎಣ್ಣೆಗಪ್ಪು ಹಣೆ, ಟೋಪಿ ಮುಚ್ಚಿದ ಕಡೆ ಒಂದು ಗೆರೆ, ಕಣ್ಣಿನ ಸುತ್ತ ಈಜುಕನ್ನಡಕದ ತಿಳಿಬಣ್ಣದ ಬಳೆಗಳು, ಕಿತ್ತಳೆಯ ಕಿತ್ತಳೆ ಬಣ್ಣ ಕೂಡ ಇದ್ದ ಹಾಗೇ.

ಅವಳು ಎರಡು ಪ್ರಿಂಟುಗಳನ್ನೂ ಪಕ್ಕಪಕ್ಕ ಇಟ್ಟಳು. ಕಾರ್ಯಾಗಾರದಲ್ಲಿ ಹಲ್ಲಿನ ಪಕ್ಕ ಹಲ್ಲು ಇಟ್ಟು ನೋಡುವ ಹಾಗೆ ಬಗ್ಗಿ ನೋಡಿದಳು. ಬಿಳಿಚಿದ ಫೋಟೋದಲ್ಲಿ ಕನ್ನಡಕದ ಬಳೆಗಳಿರಲಿಲ್ಲ. ಟೋಪಿಯ ಗೆರೆಯೂ ಇರಲಿಲ್ಲ. ಪ್ರಿಂಟರು ಬಣ್ಣ ಕೆಡಿಸಬಹುದು, ಹಸಿರು ಮಾಡಬಹುದು, ಟೊಮೆಟೊ ಮಾಡಬಹುದು. ಕನ್ನಡಕದ ಗುರುತನ್ನು ಹುಡುಕಿ ಹುಡುಕಿ ಅಳಿಸುತ್ತದೆಯೇ? ಕಂಪ್ಯೂಟರ್ ಮತ್ತು ಫೋನ್ ಎರಡರ ಪರದೆಯನ್ನೂ ಕಣ್ಣಿಗೆ ಹಿತವೆಂದು ಸದಾ ಹಳದಿ ಮಾಡಿಟ್ಟುಕೊಂಡಿದ್ದರಿಂದ ಅಲ್ಲಿ ಈ ಬಿಳಿಚು ಗೊತ್ತೇ ಆಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ ಬೆಳಗಿನಿಂದ ಪ್ರಿಂಟರಿಗೆ ಬರೆ ಹಾಕಿದ್ದಾಗಿತ್ತು. ಕೆಟ್ಟದ್ದು ಇಂಕಲ್ಲ. ಯಾರೋ ಫೋಟೋಗೇ ಕೈ ಹಾಕಿದ್ದರು.

"ನೀವಾ?" ಎಂದಳು ನಾದಿನಿಯನ್ನು ನೋಡಿ.

"ದೇವರಾಣೆ ಅತ್ತಿಗೇ! ನಂಗೆ ಫೋಟೋ ಕಳಿಸೋಕೇ ಬರಲ್ಲ, ಬೆಳ್ಳಗೆ ಮಾಡೋಕೆ ಎಲ್ಲಿಂದ ಬರ್ಬೇಕು?"

ಅದು ನಿಜವೇ ಆಗಿತ್ತು. ಹಾಗಾದರೆ ಸ್ಟುಡಿಯೋದವನೇ. ಮಗಳು ಪಾಪ, ಫೋಟೋವನ್ನು ಅವನ ಕೈಗೇ ಕೊಟ್ಟಿರಬೇಕು, ಅವನು ಹಳೆಯ ಚಾಳಿ ಬಿಟ್ಟಿಲ್ಲ. ಹಲ್ಲಕ್ಕ ಪ್ರಿಂಟು ಕೈಯಲ್ಲಿ ಹಿಡಿದು ಚಪ್ಪಲಿ ಮೆಟ್ಟಿ ಬಾಗಿಲು ತೆರೆದಳು. ತೆರೆದರೆ ಮಗಳೇ ಮೆಟ್ಟಿಲೇರಿ ಬರುತ್ತಿದ್ದಳು. ಅಭ್ಯಾಸ ಮುಗಿಸಿ ಫೋಟೋ ಒಯ್ಯಲು ಬಂದದ್ದು, ಕೂದಲಿನ್ನೂ ಒದ್ದೆ.

"ಎಲ್ಲಿಗಮ್ಮಾ?"

"ಸ್ಟುಡಿಯೋದವನ ಹಲ್ಲು ಉದುರಿಸೋಕೆ. ಆಮೇಲೆ ಕಟ್ಟಿಕೊಡೋದೂ ನಾನೇ, ಅದು ಬೇರೆ ಮಾತು. ನೋಡು, ಏನು ಮಾಡಿದಾನೆ ನೋಡು!"

ಮಗಳು ಪ್ರಿಂಟು ನೋಡಿದಳು. ಒಳಗೆ ಬಂದು ಚೀಲ ಕೆಳಗಿಟ್ಟಳು.

"ಅವರೇನೂ ಮಾಡಿಲ್ಲಮ್ಮಾ. ನಾನೇ ಮಾಡಿದ್ದು. ಫೋನಲ್ಲೇ ಬರುತ್ತೆ, ಬೆರಳು ಎಳೆದ್ರೆ ಆಯ್ತು."

ಹಲ್ಲಕ್ಕನಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದು ಒಳಗಿಳಿಯಲಿಲ್ಲ. "ಯಾರು ಹೇಳಿದ್ರು ನಿಂಗೆ? ಯಾರೇ ಹೇಳಿದ್ದು? ಹೆಸರು ಹೇಳು, ಈಗಲೇ ಹೋಗಿ..."

"ಇದೇ ಅಮ್ಮಾ," ಅಂದಳು ಮಗಳು. ದನಿ ಏರಿಸಲಿಲ್ಲ. "ಇದಕ್ಕೇ ಮಾಡಿದ್ದು."

"ಯಾವುದಕ್ಕೆ?"

ಮಗಳು ಊಟದ ಮೇಜಿನ ಕಡೆ ನೋಡಿದಳು. ಅಲ್ಲಿ ಅವಳು ಹಸಿರಾಗಿ ಬಿದ್ದಿದ್ದಳು, ಸಪ್ಪಗೆ ಬಿದ್ದಿದ್ದಳು, ಕೆಂಪಾಗಿ ಬಿದ್ದಿದ್ದಳು, ಗಲ್ಲವಿಲ್ಲದೆ ಬಿದ್ದಿದ್ದಳು. ಅಪ್ಪನ ಕೈ ಕೆಂಪು, ಅತ್ತೆಯ ಕಣ್ಣು ಕೆಂಪು.

"ಅಮ್ಮಾ, ನನ್ನ ಮುಖ ಬಂತು ಅಂದ್ರೆ ಜಗಳ ಬಂತು ಅಂತಾನೇ ಅರ್ಥ. ಸ್ಕೂಲಲ್ಲಿ ಜಗಳ, ಸ್ಟುಡಿಯೋಲಿ ಜಗಳ, ಅತ್ತೆ ಬಂದ್ರೆ ಜಗಳ. ನೀನು ನನ್ನ ಪರವಾಗೇ ಆಡ್ತೀಯ, ಗೊತ್ತು. ಆದ್ರೆ ನೀನು ಕೂಗಾಡಿದಾಗ ಎಲ್ಲರೂ ತಿರುಗಿ ನೋಡೋದು ನಿನ್ನನ್ನಲ್ಲ, ನನ್ನನ್ನ. ಇವಳು ಅಷ್ಟೊಂದು ಕಪ್ಪಗಿದಾಳಾ ಅಂತ ಸರಿಯಾಗಿ ನೋಡ್ತಾರೆ. ಇವತ್ತು ಒಂದು ದಿನ ಯಾರೂ ಏನೂ ಅನ್ನದ ಹಾಗೆ ಇರ್ಲಿ ಅಂದ್ಕೊಂಡೆ. ಬೆಳ್ಳಗಿದ್ರೆ ಅತ್ತೆನೂ ಏನೂ ಅನ್ನಲ್ಲ, ನೀನೂ ಏನೂ ಅನ್ನಲ್ಲ. ಗೋಡೆ ಮೇಲೆ ಸುಮ್ಮನೆ ಇರ್ತೀನಿ."

ಹಲ್ಲಕ್ಕನ ಮೈ ಉರಿಯಿತು. ಸಿಟ್ಟು ಹೋಗಿರಲಿಲ್ಲ, ನಿಂತಲ್ಲೇ ಇತ್ತು, ಆದರೆ ಹರಿಯಲು ದಾರಿ ಕಾಣಲಿಲ್ಲ. ಮಗಳ ಮೇಲೆ ಬಿಡುವುದೇ? ಹೇಗೆ ಬಿಡುವುದು? ಇಷ್ಟು ವರ್ಷ ಮಗುವಿಗೆ ಕೊಡೆ ಹಿಡಿದಿದ್ದೇನೆ ಎಂದುಕೊಂಡಿದ್ದಳು. ಆ ಕೊಡೆಯ ಕಡ್ಡಿ ಮಗುವಿನ ಕಣ್ಣಿಗೇ ಚುಚ್ಚುತ್ತಿತ್ತು ಎಂದು ಯಾರೂ ಹೇಳಿರಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ, ಜಗಳವಾಡದೆ ಇನ್ನೇನು ಮಾಡಬೇಕಿತ್ತು ನಾನು ಎಂಬ ಸಿಟ್ಟೂ ಬಂತು.

ಮಗಳು ಕಿತ್ತಳೆಯ ಪ್ರಿಂಟನ್ನು ಎತ್ತಿಕೊಂಡಳು. "ಇದು ಯಾವಾಗ ತೆಗೆದೆ?"

"ಹೋದ ವಾರ."

"ಕನ್ನಡಕದ ಗುರುತು ಇಷ್ಟೊಂದು ಕಾಣುತ್ತಾ?"

"ಕಾಣುತ್ತೆ."

ಮಗಳು ಅದನ್ನೇ ನೋಡುತ್ತಿದ್ದಳು. ನಾದಿನಿಗೆ ಮೌನ ತಡೆಯುವ ಅಭ್ಯಾಸವಿಲ್ಲ. ಕುರ್ಚಿಯಿಂದ ಎದ್ದು ಬಂದು ಅಣ್ಣನ ಮಗಳ ಭುಜದ ಮೇಲಿಂದ ಇಣುಕಿ, ಸಮಾಧಾನದ ದನಿಯಲ್ಲೇ, "ಬೇಡಮ್ಮ ಪುಟ್ಟಿ, ಇದ್ರಲ್ಲಿ ತುಂಬಾ ಕಪ್ಪಗೆ ಕಾಣ್ತೀಯ" ಅಂದಳು.

ಗಂಡ ಹೆಂಡತಿಯನ್ನು ನೋಡಿದ. ನಾದಿನಿಯೂ ಅಂದುಬಿಟ್ಟ ಮೇಲೆ ಹೆದರಿ ಅವಳನ್ನೇ ನೋಡಿದಳು. ಮಗಳು ಕಣ್ಣು ಮುಚ್ಚಿ, ಬರಲಿರುವ ಕೂಗಿಗೆ ಹೆಗಲು ಬಿಗಿಮಾಡಿಕೊಂಡು ನಿಂತಳು. ಆ ಹೆಗಲು ಬಿಗಿಯಾದದ್ದನ್ನು ಹಲ್ಲಕ್ಕ ನೋಡಿದಳು. ಇಷ್ಟು ವರ್ಷ ಪ್ರತಿ ಸಲವೂ ಅದು ಹಾಗೇ ಬಿಗಿಯಾಗಿದ್ದಿರಬೇಕು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಒಳ್ಳೆಯ ಮಾತು, ನಾದಿನಿ ಜನ್ಮದಲ್ಲಿ ಮರೆಯದಂಥ ಮಾತು. ಅವಳು ಅದನ್ನು ಹಲ್ಲುಗಳ ಹಿಂದೆ ಹಿಡಿದಳು. ಕಣ್ಣಲ್ಲಿ ನೀರು ಬಂತು, ಬಾಯಿ ತೆರೆಯಲಿಲ್ಲ.

ಕೂಗು ಬರಲಿಲ್ಲ. ಮಗಳು ಕಣ್ಣು ತೆರೆದು ಅಮ್ಮನನ್ನು ನೋಡಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಅತ್ತೇ, ಕಾಣೋದಲ್ಲ. ಕಪ್ಪಗೇ ಇದೀನಿ. ಏನೀಗ?"

ಇಷ್ಟೇ. ದನಿಯೂ ದೊಡ್ಡದಲ್ಲ. ಆದರೆ ನಾದಿನಿ, ಅತ್ತಿಗೆಯ ಕೂಗಿಗೆಲ್ಲ ಒಗ್ಗಿಹೋಗಿದ್ದವಳು, ಈ ಸಣ್ಣ ದನಿಗೆ "ಏನಿಲ್ಲಮ್ಮ" ಎಂದು ಹಿಂದೆ ಸರಿದಳು.

"ಅಪ್ಪಾ, ಇದ್ರಲ್ಲಿ ಬಾಯಿ ತುಂಬ ಕಿತ್ತಳೆ ಇದೆ, ಇದು ಬೇಡ. ನಾನು ಮುಟ್ಟದೇ ಇರೋದು ಫೋನಲ್ಲೇ ಇದೆ, ಕಳಿಸ್ತೀನಿ. ಇಂಕು ಇದ್ಯಾ?"

"ಇದೆ ಇದೆ," ಎಂದು ಗಂಡ ಕೆಂಪು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತ.

ಪ್ರಿಂಟರು ಎಂದಿನ ಹಾಗೆ ಗೊಣಗಿ ಕೆಲಸ ಶುರು ಮಾಡಿತು. ಮೊದಲು ಟೋಪಿಯ ಗೆರೆ ಬಂತು, ಆಮೇಲೆ ಹಣೆ, ಕಣ್ಣಿನ ಸುತ್ತಲಿನ ಬಳೆಗಳು, ಉಪ್ಪುನೀರಿಗೆ ಒಡೆದ ತುಟಿ. ದಡ ಮುಟ್ಟಿದ ಗಳಿಗೆಯಲ್ಲಿ ಯಾರೋ ತೆಗೆದ ಫೋಟೋ. ಅದರಲ್ಲಿ ಮಗಳು ನಗುತ್ತಿರಲಿಲ್ಲ, ಏದುಸಿರು ಬಿಡುತ್ತಿದ್ದಳು, ಯಾರ ಮೇಲೋ ಸಿಟ್ಟು ಬಂದವಳ ಹಾಗೆ ನೇರವಾಗಿ ನೋಡುತ್ತಿದ್ದಳು. ಹಲ್ಲಕ್ಕನಿಗೆ ಅದು ಯಾರ ನೋಟ ಎಂದು ಗೊತ್ತಾಯಿತು. ಗಂಡನಿಗೂ ಗೊತ್ತಾಗಿರಬೇಕು, ಆದರೆ ಜೀವದ ಮೇಲೆ ಆಸೆಯಿದ್ದವನು ಸುಮ್ಮನಿದ್ದ.

ಹಾಳೆ ಪೂರ್ತಿ ಹೊರಬಂದು ತಟ್ಟೆಯ ಮೇಲೆ ಮಲಗಿತು. ಹಲ್ಲಕ್ಕ ಕೈ ಚಾಚಿದಳು, ಅತ್ತ ಕಡೆಯಿಂದ ನಾದಿನಿಯೂ ಚಾಚಿದಳು.

"ಇಂಕು ಇನ್ನೂ ಹಸಿ ಇದೆ," ಅಂದಳು ಮಗಳು. "ಯಾರೂ ಮುಟ್ಬೇಡಿ."